ನಾವು ಗಾಳಿ ಸಾಗಿಸುವುದಿಲ್ಲ

ನಮ್ಮ ಗೋದಾಮಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆದಿದೆ: ‘ನಾವು ಗಾಳಿ ಸಾಗಿಸುವುದಿಲ್ಲ.’ ಅದರ ಕೆಳಗೆ ನಗುವ ಕೆಲಸಗಾರನೊಬ್ಬನ ಚಿತ್ರ. ಅವನ ಅಂಗಿಯ ಕಂಕುಳು ಒದ್ದೆಯಾಗಿಲ್ಲ. ಅವನು ಇಲ್ಲಿ ಒಂದು ದಿನವೂ ದುಡಿದವನಲ್ಲ ಎಂದು ಹೇಳಲು ಅಷ್ಟು ಸಾಕು.

ಹಡಗು ಹತ್ತುವ ಕಂಟೇನರುಗಳಿಗೆ ಇಲ್ಲಿ ಮಾಲು ತುಂಬುತ್ತೇವೆ. ನಮ್ಮ ಬಾಯಲ್ಲಿ ಅದು ಡಬ್ಬಿ. ನಲವತ್ತಡಿ ಉದ್ದದ ಕಬ್ಬಿಣದ ಡಬ್ಬಿ. ಭಾರದ ಮಾಲನ್ನು ಮೊದಲು ಫೋರ್ಕ್‌ಲಿಫ್ಟ್ ಗಾಡಿ ಒಳಗಿಟ್ಟು ಬರುತ್ತದೆ. ಆ ಮಾಲಿಗೂ ಡಬ್ಬಿಯ ಛಾವಣಿಗೂ ನಡುವೆ ಒಂದೂವರೆ ಅಡಿ ಉಳಿಯುತ್ತದೆ. ಗಾಡಿಯ ಕೈ ಅಲ್ಲಿಗೆ ಹೋಗುವುದಿಲ್ಲ. ನಿಂತ ಮನುಷ್ಯ ಅಲ್ಲಿಗೆ ಹೋಗುವುದಿಲ್ಲ. ಹೊಟ್ಟೆಯ ಮೇಲೆ ತೆವಳುವ, ಮೈಮೇಲೆ ಮಾಂಸ ಕಡಿಮೆ ಇರುವ ಹೆಂಗಸು ಹೋಗುತ್ತಾಳೆ. ಅಂಥವರು ನಾವಿಬ್ಬರು, ನನ್ನ ಅಕ್ಕ ಮತ್ತು ನಾನು. ಉಣ್ಣದೆ ಸಣ್ಣಗಾಗುವುದೂ ಒಂದು ವಿದ್ಯೆ ಎಂದು ಮೊದಲೇ ಗೊತ್ತಿದ್ದರೆ ಅಮ್ಮ ನಮ್ಮ ತಟ್ಟೆ ನೋಡಿ ಅಷ್ಟು ಅಳುತ್ತಿರಲಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಸಂದಿ ಎಂದು ಕರೆಯುತ್ತಾರೆ. ಅಕ್ಕ ದೊಡ್ಡ ಸಂದಿ.

ಕೆಲಸ ಹೀಗೆ. ಬಾಗಿಲಿನಿಂದ ಹತ್ತಿ, ಮಾಲಿನ ಮೇಲೆ ತೆವಳಿಕೊಂಡು ಕೊನೆಯವರೆಗೆ ಹೋಗಬೇಕು. ಗಂಡಸರು ಉದ್ದ ಕೋಲಿನಿಂದ ರಟ್ಟಿನ ಪೆಟ್ಟಿಗೆಗಳನ್ನು ನಮ್ಮ ಪಕ್ಕಕ್ಕೆ ತಳ್ಳುತ್ತಾರೆ. ಹಿಡಿದು ಮುಂದೆ ಜೋಡಿಸಬೇಕು. ಒಂದು ಸಾಲಾದ ಮೇಲೆ ಮೊಣಕೈ ಊರಿ ಹಿಂದಕ್ಕೆ ಸರಿಯಬೇಕು. ತಲೆ ಎತ್ತಿದರೆ ಕಾದ ತಗಡು. ನನ್ನ ನೆತ್ತಿಯಲ್ಲಿ ಹೆಬ್ಬೆರಳಗಲ ಜಾಗದಲ್ಲಿ ಕೂದಲು ಹುಟ್ಟುವುದಿಲ್ಲ. ಕಾಲು ಯಾವಾಗಲೂ ಬಾಗಿಲ ಕಡೆಗೇ ಇರಬೇಕು. ಸಾಲು ಮುಗಿದಾಗಲೆಲ್ಲ ಹಿಮ್ಮಡಿಯಿಂದ ಎರಡು ಸಲ ತಟ್ಟಬೇಕು. ಬದುಕಿದ್ದೇನೆ ಎಂದು ಅದರ ಅರ್ಥ. ಇದನ್ನೆಲ್ಲ ಕಲಿಸಿದ್ದು ನಮ್ಮ ಗುಂಪಿನ ಮೇಸ್ತ್ರಿ, ನಾವೆಲ್ಲ ಮಾವ ಎನ್ನುವವರು.

“ಏನಾದ್ರೂ ಆದ್ರೆ ಎಳೆಯೋಕೆ ಕಾಲು ಸಿಗಬೇಕಲ್ಲೇ,” ಎಂದಿದ್ದರು ಮೊದಲ ದಿನವೇ.

ನಮ್ಮ ಮೇಲೆ ಇಬ್ಬರು ಸಾಹೇಬರು. ಒಬ್ಬರು ಜಾಗ ನೋಡಿಕೊಳ್ಳುವವರು. ಅವರ ಕೈಯಲ್ಲಿ ಸ್ಲೇಟಿನಂಥ ಒಂದು ಪರದೆ. ಡಬ್ಬಿ ನೂರಕ್ಕೆ ತೊಂಬತ್ತೆಂಟು ತುಂಬಿದರೆ ಅದು ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪು. ಪರದೆ ಕೆಂಪಾದರೆ ಅವರ ಮುಖವೂ ಕೆಂಪು. “ಇನ್ನೊಂದಿಡಿ, ಇನ್ನೊಂದಿಡಿ” ಎನ್ನುವುದು ಬಿಟ್ಟು ಅವರ ಬಾಯಿಂದ ಬೇರೆ ಮಾತು ಕೇಳಿದವರಿಲ್ಲ. ಹಾಗಾಗಿ ಅವರು ಇನ್ನೊಂದಿಡಿ ಸಾಹೇಬರು. ಇನ್ನೊಬ್ಬರು ಮಾಲಿನ ಕ್ಷೇಮ ನೋಡಿಕೊಳ್ಳುವವರು. ಪೆಟ್ಟಿಗೆ ಜಜ್ಜಬಾರದು, ಬೆವರಬಾರದು, ಅದರ ಮೂಲೆ ನೋಯಬಾರದು. ಅವರು ಮೆಲ್ಲಗಿಡಿ ಸಾಹೇಬರು.

ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

“ಗಾಳಿ ಆಡೋಕೆ ಜಾಗ ಬಿಡಿ. ಮಾಲಿಗೆ ಉಸಿರು ಕಟ್ಟುತ್ತೆ,” ಎಂದು ಇವರು.

“ಗಾಳೀನ ಹಡಗಲ್ಲಿ ಕಳಿಸೋದಾದ್ರೆ ನಾನು ಇಲ್ಲಿ ಯಾಕಿರ್ಬೇಕು?” ಎಂದು ಅವರು.

ಕೊನೆಗೆ ಒಂದು ದಿನ ಚಹಾ ಕುಡಿದು ರಾಜಿಯಾದರು. ಕೆಳಗೆ ನಾಲ್ಕು ಬೆರಳು ಜಾಗ ಗಾಳಿಗೆ, ಮೇಲಿನ ಒಂದೂವರೆ ಅಡಿ ಪೂರ್ತಿ ಪೆಟ್ಟಿಗೆಗೆ. ಅದಕ್ಕೆ ಸಮತೋಲ ಎಂದು ಹೆಸರಿಟ್ಟು, ಬರೆದು, ಚೌಕಟ್ಟು ಹಾಕಿಸಿ ತೂಗುಹಾಕಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಅವರು ಒಂದಾದಾಗಲೂ ಕೂಸೇ ಬಡವಾಯಿತು.

ಬೇಸಿಗೆಯ ಶುರುವಿಗೆ ಮೇಣದ ಬತ್ತಿಗಳು ಬಂದವು. ಕರೆಂಟು ಹೋದಾಗ ಹಚ್ಚುವ ಬತ್ತಿಗಳಲ್ಲ, ಪರಿಮಳದ ಬತ್ತಿಗಳು. ದೂರದ ದೇಶದಲ್ಲಿ ಸ್ನಾನದ ತೊಟ್ಟಿಯ ಪಕ್ಕ ಹಚ್ಚಿಟ್ಟುಕೊಂಡು ದಣಿವಾರಿಸಿಕೊಳ್ಳುತ್ತಾರಂತೆ. ಏನು ಮಾಡಿ ದಣಿಯುತ್ತಾರೋ ತಿಳಿಯದು. ಬತ್ತಿಯ ಜೊತೆ ಒಂದು ನಿಯಮದ ಕಾಗದವೂ ಬಂತು. ಮೇಸ್ತ್ರಿ ಮಾವ ಗಟ್ಟಿಯಾಗಿ ಓದಿದರು. ಮೂವತ್ತೆಂಟು ಡಿಗ್ರಿ ಮೀರಬಾರದು. ಮೇಲೆ ಭಾರ ಹೇರಬಾರದು. ಅಲುಗಾಡಿಸಬಾರದು. ಆಗಾಗ ತಂಪು ಗಾಳಿ ಸೋಕುತ್ತಿರಬೇಕು.

ಅಕ್ಕ ಕೇಳಿಸಿಕೊಂಡು, “ಇದೇನು ಬಸುರಿ ಹೆಂಗಸಿನ ಬಗ್ಗೆ ಬರೆದಿದ್ದಾ ಮಾವ?” ಎಂದಳು.

ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಬಿಳಿಯ ಯಂತ್ರವನ್ನು ಬತ್ತಿಯ ಪೆಟ್ಟಿಗೆಗಳ ನಡುವೆ ಇಟ್ಟರು. ಬಿಸಿ ಅಳೆಯುವ ಯಂತ್ರ. ಮೊದಲ ದಿನ ನಾನು ಅದರ ಪಕ್ಕದಲ್ಲೇ ಬೋರಲು ಮಲಗಿ ಪೆಟ್ಟಿಗೆ ಜೋಡಿಸುತ್ತಿದ್ದೆ. ಎರಡನೇ ಸಾಲಿಗೆ ಅದು ಕೂಗತೊಡಗಿತು. ನಾನು ಹತ್ತು ವರ್ಷದಿಂದ ಆ ಸಂದಿಯಲ್ಲಿ ಬೇಯುತ್ತಿದ್ದೇನೆ, ಒಬ್ಬರೂ ಓಡಿ ಬಂದಿರಲಿಲ್ಲ. ಅದು ಕೂಗಿದ್ದೇ ತಡ, ಇಬ್ಬರು ಸಾಹೇಬರೂ ಓಡಿ ಬಂದರು. ಎರಡು ದೊಡ್ಡ ಫ್ಯಾನು ಬಂದವು. ಡಬ್ಬಿಯ ನೆತ್ತಿಯ ಮೇಲೆ ಒದ್ದೆ ಗೋಣಿ ಹೊದಿಸಿದರು.

“ಒಳಗೆ ಏನ್ ಮಾಡಿದ್ಯಮ್ಮ?” ಎಂದರು ಮೆಲ್ಲಗಿಡಿ ಸಾಹೇಬರು.

“ಉಸಿರಾಡಿದೆ ಸಾರ್.”

ಅವರು ಕೂತು ಯೋಚಿಸಿ ಕಂಡುಹಿಡಿದರು: ಮನುಷ್ಯರ ಮೈಯಿಂದ ಕಾವು ಹೊರಡುತ್ತದೆ, ಆ ಕಾವಿಗೆ ಬತ್ತಿ ಮೆತ್ತಗಾಗುತ್ತದೆ. ಮಧ್ಯಾಹ್ನದೊಳಗೆ ನೋಟೀಸು ಅಂಟಿಸಿದರು. ಮಾಲಿನ ಹಿತದೃಷ್ಟಿಯಿಂದ, ಸಂದಿಗೆ ಹತ್ತುವವರು ಕಾಲು ಗಂಟೆಗಿಂತ ಹೆಚ್ಚು ಒಳಗಿರಬಾರದು. ಹೊರಬಂದು ಅರ್ಧ ಗಂಟೆ ನೆರಳಲ್ಲಿ ಕೂತು, ನೀರು ಕುಡಿದು, ಮೈ ತಣ್ಣಗಾದ ಮೇಲೆಯೇ ಮತ್ತೆ ಹತ್ತಬೇಕು.

ಹನ್ನೆರಡು ದಿನ ನಾವು ಹಾಗೆ ಬದುಕಿದೆವು. ಅಕ್ಕ ಪ್ರತಿ ಪೆಟ್ಟಿಗೆಯನ್ನೂ ಸವರಿ, “ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ,” ಎನ್ನುತ್ತಿದ್ದಳು.

ಹದಿಮೂರನೇ ದಿನ ಬತ್ತಿ ಮುಗಿದು ರಬ್ಬರ್ ಚಪ್ಪಲಿ ಬಂದವು. ನೋಟೀಸು ಕಿತ್ತರು. ಯಂತ್ರ ಮೆಲ್ಲಗಿಡಿ ಸಾಹೇಬರ ಮೇಜಿನ ಖಾನೆ ಸೇರಿತು. ಫ್ಯಾನುಗಳು ಸಾಹೇಬರ ಕೋಣೆ ಸೇರಿದವು. ಗೋಣಿ ಮಾತ್ರ ಅಲ್ಲೇ ಬಿದ್ದಿತ್ತು, ಒಣಗಿ.

“ಕಾಲು ಗಂಟೆ ಆಯ್ತು ಸಾರ್, ಹೊರಗೆ ಕರೀಲಾ?” ಎಂದು ಮೇಸ್ತ್ರಿ ಮಾವ ಕೇಳಿದರು. ಒಳಗೆ ಅಕ್ಕ ಇದ್ದಳು. ಕೆಳಗೆ ನೆಲದ ಟೈಲ್ಸು, ಮೇಲೆ ಚಪ್ಪಲಿ.

“ಯಾಕ್ರೀ? ಚಪ್ಪಲಿಗೇನಾಗುತ್ತೆ?” ಎಂದರು ಇನ್ನೊಂದಿಡಿ ಸಾಹೇಬರು.

ಚಪ್ಪಲಿಗೆ ಏನೂ ಆಗಲಿಲ್ಲ. ಮೂರನೇ ಸಾಲಿಗೆ ಅಕ್ಕನ ಹಿಮ್ಮಡಿ ಎರಡು ಸಲ ತಟ್ಟಿತು. ನಾಲ್ಕನೇ ಸಾಲಿಗೆ ತಟ್ಟಲಿಲ್ಲ. ಮೇಸ್ತ್ರಿ ಮಾವ ಕೋಲು ಬಿಸುಟು ಹತ್ತಿದರು. ಆ ವಯಸ್ಸಿನಲ್ಲಿ, ಆ ಬೆನ್ನಿನಲ್ಲಿ, ಅರ್ಧ ದೂರ ತೆವಳಿ ಅವಳ ಕಾಲು ಹಿಡಿದು ಎಳೆದರು. ಅವಳ ಗಲ್ಲ ಪೆಟ್ಟಿಗೆಗಳ ಮೇಲೆ ಉಜ್ಜಿಕೊಂಡು ಬಂತು. ಹೊರಗೆ ಬಂದಾಗ ಮೈ ಕಾದ ಕಾವಲಿಯಾಗಿತ್ತು. ಒಂದು ಹನಿ ಬೆವರಿಲ್ಲ. ನಾನು ಕೂಗಿದೆ, ಕೆನ್ನೆ ತಟ್ಟಿದೆ, ಅವಳಿಗೆ ನಾನು ಯಾರೆಂದು ಗೊತ್ತಾಗಲಿಲ್ಲ.

ಇನ್ನೊಂದಿಡಿ ಸಾಹೇಬರು ಸಂದಿಯ ಕಡೆ ಟಾರ್ಚು ಬಿಟ್ಟು ನೋಡಿ, “ಎರಡು ಪೆಟ್ಟಿಗೆ ಜಜ್ಜಿ ಹೋಗಿದೆ,” ಎಂದರು.

ಪೆಟ್ಟಿಗೆ ಜಜ್ಜಿದರೆ ಕಾರಣ ಬರೆಯಬೇಕು. ಗುಮಾಸ್ತ ಘಟನೆ ಪುಸ್ತಕ ತಂದ.

“ಕಣ್ಣು ಮುಚ್ಚಿತ್ತಾ?” ಎಂದು ನನ್ನನ್ನೇ ಕೇಳಿದ.

“ಮುಚ್ಚಿತ್ತು.”

“ಮಲಗಿದ್ಳಾ?”

“ಮಲಗದೆ ಅಲ್ಲಿ ನಿಂತ್ಕೊಳ್ಳೋಕಾಗುತ್ತಾ?”

ಗುಮಾಸ್ತ ಬರೆದ: ‘ಕೆಲಸದ ವೇಳೆ ನಿದ್ದೆ.’ ಆ ಪುಸ್ತಕದಲ್ಲಿ ಬಿಸಿ ಎಂದು ಬರೆಯಲೂ ಗೆರೆ ಹಾಕಿದ ಒಂದು ಮನೆ ಇದೆ. ಅಲ್ಲಿ ಬರೆದರೆ ಸಾಹೇಬರು ಮೇಲಿನ ಕಚೇರಿಗೆ ಉತ್ತರ ಕೊಡಬೇಕು. ಅದಕ್ಕೇ ಪುಸ್ತಕ ಹುಟ್ಟಿದಂದಿನಿಂದ ಆ ಮನೆ ಖಾಲಿ. ನಿದ್ದೆ ಎಂದು ಬರೆದರೆ ಸುಲಭ, ಕೆಲಸಗಾರರ ಗೇಟಿನ ಕಾರ್ಡು ಕಿತ್ತುಕೊಂಡರೆ ಮುಗಿಯಿತು. ಆಮೇಲೆ ಸುತ್ತಲಿನ ಯಾವ ಗೋದಾಮೂ ಅವರನ್ನು ಒಳಗೆ ಬಿಡುವುದಿಲ್ಲ. ಅಕ್ಕನಿಗೆ ನೆಟ್ಟಗೆ ಕೂರಲು ಬರುವ ಮುಂಚೆಯೇ ಅವಳ ಕೊರಳಿನಿಂದ ಕಾರ್ಡು ತೆಗೆದರು.

ನಮ್ಮದು ಒಂದೇ ಕೋಣೆಯ ಮನೆ. ಅಮ್ಮ, ಅಕ್ಕ, ನಾನು, ಅಕ್ಕನ ಇಬ್ಬರು ಹೆಣ್ಣುಮಕ್ಕಳು. ಇನ್ನೊಂದಿಡಿ ಸಾಹೇಬರು ಪರದೆ ಹಿಡಿದು ಬಂದರೆ ಬಾಗಿಲಲ್ಲೇ ಹಸಿರಾಗುತ್ತದೆ. ಒದ್ದೆ ಬಟ್ಟೆ ಹೊದಿಸಿ ಅಕ್ಕನನ್ನು ಮಲಗಿಸಿದೆವು. ಲೋಟ ಹಿಡಿದರೆ ನೀರು ಎದೆಗೆ ಚೆಲ್ಲುತ್ತಿತ್ತು.

“ನಾನು ನಿದ್ದೆ ಮಾಡಿಲ್ಲ ಕಣೇ,” ಎಂದಳು.

“ಗೊತ್ತು ಅಕ್ಕ.”

“ಅಲ್ಲ, ನಿಜವಾಗ್ಲೂ. ಸಾಲು ಎಣಿಸ್ತಾ ಇದ್ದೆ.”

ಅವಳ ದೊಡ್ಡ ಮಗಳು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಅಕ್ಕ ಅವಳ ಕಡೆ ತಿರುಗಿ ಮತ್ತೆ ಅದನ್ನೇ ಹೇಳಿದಳು. ಸಿಕ್ಕಿಬಿದ್ದ ಕಳ್ಳಿಯಂತೆ, ತನ್ನ ತಪ್ಪಿಲ್ಲ ಎಂದು ಮಗಳ ಎದುರು ಸಾಬೀತು ಮಾಡಲು ನೋಡುತ್ತಿದ್ದಳು. ಮೈ ಸುಟ್ಟದ್ದನ್ನು ಸಹಿಸಬಹುದು, ಇದನ್ನು ಸಹಿಸಬಾರದು ಅನ್ನಿಸಿತು.

ಮರುದಿನ ಬೆಳಿಗ್ಗೆ ಅದೇ ಡಬ್ಬಿ, ಅದೇ ಚಪ್ಪಲಿ. ಇಪ್ಪತ್ತೆರಡು ಪೆಟ್ಟಿಗೆ ಬಾಕಿ ಇದ್ದವು. ಸಂಜೆಗೆ ಹಡಗು, ಹನ್ನೆರಡಕ್ಕೆ ಲಾರಿ ಬಿಡಬೇಕು. ಪರದೆ ತೊಂಬತ್ತೊಂದರಲ್ಲಿ ಕೆಂಪಗೆ ನಿಂತಿತ್ತು.

“ಹತ್ತೇ ಸಂದಿ,” ಎಂದರು ಇನ್ನೊಂದಿಡಿ ಸಾಹೇಬರು.

“ಹತ್ತಲ್ಲ.”

ನನಗೇ ಆಶ್ಚರ್ಯ. ಹತ್ತು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

“ಏನಂದೆ?”

“ಹತ್ತಲ್ಲ ಸಾರ್. ಮೊದ್ಲು ಪುಸ್ತಕದಲ್ಲಿ ನಿದ್ದೆ ಅಂತ ಬರೆದಿರೋದನ್ನ ಹೊಡೀರಿ. ಬಿಸಿ ಅಂತ ಬರೀರಿ. ನಮ್ಮಕ್ಕನ ಕಾರ್ಡು ವಾಪಸ್ ಕೊಡಿ.”

“ಒಳಗೆ ಬಿಸಿ ಇತ್ತು ಅನ್ನೋಕೆ ಸಾಕ್ಷಿ ಏನಿದೆ?”

“ಬತ್ತಿಗೆ ಇಡ್ತಿದ್ರಲ್ಲ, ಆ ಯಂತ್ರ ತಂದಿಡಿ. ಅದೇ ಹೇಳುತ್ತೆ.”

ಮೆಲ್ಲಗಿಡಿ ಸಾಹೇಬರು ಒಳ್ಳೆಯವರು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಾರೆ. “ನಿನ್ನ ಕಷ್ಟ ಅರ್ಥ ಆಗುತ್ತಮ್ಮ. ಆದ್ರೆ ಅದು ಮಾಲಿಗೆ ಮಾತ್ರ. ಮನುಷ್ಯರಿಗೆ ಇಡೋಕೆ ಅನುಮತಿ ಇಲ್ಲ,” ಎಂದರು.

“ಹಾಗಾದ್ರೆ ಅನುಮತಿ ತಗೊಂಡ್ಬನ್ನಿ. ನಾನು ಇಲ್ಲೇ ನೆರಳಲ್ಲಿ ಕೂತಿರ್ತೀನಿ.”

ಇನ್ನೊಂದಿಡಿ ಸಾಹೇಬರು ಬೇರೆಯವರ ಕಡೆ ತಿರುಗಿದರು. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ, ಎಲ್ಲರೂ ಅತ್ತಿಗೆ ಎಂದು ಕರೆಯುವ ಹೆಂಗಸು ಎದುರಿಗೇ ಇದ್ದಳು. ಅವಳದು ತುಂಬಿದ ಮೈ.

“ನಾನು ಹತ್ತಿದ್ರೆ ಬಾಗಿಲಲ್ಲೇ ತೊಂಬತ್ತೆಂಟಾಗುತ್ತೆ ಸಾರ್,” ಎಂದಳು.

“ಮೇಸ್ತ್ರಿ, ನೀನು ಹತ್ತು.”

“ಬೆನ್ನು ಬಗ್ಗಲ್ಲ ಸಾರ್.”

“ನಿನ್ನೆ ಬಗ್ತಲ್ಲಾ?”

“ನಿನ್ನೆಗೇ ಮುಗೀತು.”

ಯಾರೋ ನಕ್ಕರು. ಸಾಹೇಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೇಲಿನ ಕಚೇರಿ. “ಆಯ್ತು ಸಾರ್, ಹಸಿರಾಯ್ತು ಸಾರ್, ಇನ್ನೈದೇ ನಿಮಿಷ,” ಎಂದು ಹೇಳಿ ಇಟ್ಟರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಐದು ನಿಮಿಷದ ಕೆಲಸಕ್ಕೆ ಎಷ್ಟು ರಂಪ! ನಾನೇ ಮಾಡಿ ಬಿಸಾಡ್ತೀನಿ, ನೋಡ್ತಿರು.”

“ಮಾಡಿ ಸಾರ್,” ಎಂದು ನಾನು ಪಕ್ಕಕ್ಕೆ ಸರಿದೆ.

ಅವರೂ ಸಣ್ಣ ಮೈಯವರೇ. ನಾವು ಉಣ್ಣದೆ ಸಣ್ಣಗಾದವರು, ಅವರು ದಿನಾ ಬೆಳಿಗ್ಗೆ ಓಡಿ ಸಣ್ಣಗಾದವರು. ಸಂದಿಗೆ ಎರಡೂ ಒಂದೇ. ಬೂಟು ಬಿಚ್ಚಿದರು, ಟೈಯನ್ನು ಅಂಗಿಯೊಳಗೆ ತುರುಕಿದರು. ಪರದೆಯನ್ನು ಮಾತ್ರ ಬಿಡಲಿಲ್ಲ.

“ಕಾಲು ಬಾಗಿಲ ಕಡೆ ಇರಲಿ ಸಾರ್. ಸಾಲು ಮುಗಿದಾಗ ಎರಡು ಸಲ ತಟ್ಟಿ,” ಎಂದರು ಮೇಸ್ತ್ರಿ ಮಾವ.

“ನನಗೆ ಹೇಳ್ಕೊಡೋಕೆ ಬರ್ಬೇಡ.”

ಒಳಗೆ ಹೋದರು. ಗಂಡಸರು ಕೋಲಿನಿಂದ ಪೆಟ್ಟಿಗೆ ತಳ್ಳಿದರು. ಮೊದಲ ಸಾಲು ಮುಗಿದಾಗ, “ಇಷ್ಟೇ ತಾನೇ!” ಎಂದು ಒಳಗಿನಿಂದ ಕೂಗು ಬಂತು. ನಡುವೆ ತಲೆ ತಗಡಿಗೆ ಬಡಿದ ಸದ್ದು. ಆಮೇಲೆ ಒಂದು ಬೈಗುಳ. ಆಮೇಲೆ ಕೆಮ್ಮು. ಆರನೇ ನಿಮಿಷಕ್ಕೆ ಏಳು ಪೆಟ್ಟಿಗೆ ಇಟ್ಟಿದ್ದರು. ಎಂಟನೆಯದು ಹೋದ ಜಾಗದಲ್ಲೇ ನಿಂತಿತು. ತಟ್ಟುವುದು ಇಲ್ಲ, ಕೂಗು ಇಲ್ಲ.

“ಸಾರ್?” ಎಂದರು ಮೆಲ್ಲಗಿಡಿ ಸಾಹೇಬರು. ಮೂರು ಸಲ ಕರೆದರು. ಉತ್ತರ ಬರಲಿಲ್ಲ.

ಎಲ್ಲರೂ ನನ್ನನ್ನೇ ನೋಡಿದರು. ಅಷ್ಟು ಒಳಗಿನ ತನಕ ಬೇಗ ಹೋಗಬಲ್ಲವಳು ನಾನೊಬ್ಬಳೇ. ಇರಲಿ, ಇನ್ನೊಂದು ನಿಮಿಷ ಬೇಯಲಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅನ್ನಿಸಿತು. ಆದರೆ ಆ ಹಿಮ್ಮಡಿ ತಟ್ಟದೆ ಇದ್ದಾಗಿನ ಮೌನ ನನಗೆ ಗೊತ್ತು. ಅದನ್ನು ನಿನ್ನೆ ತಾನೇ ಕೇಳಿದ್ದೆ. ಪೆಟ್ಟಿಗೆಗಾಗಿ ಹತ್ತುವುದಿಲ್ಲ ಎಂದಿದ್ದೆ, ಮನುಷ್ಯನಿಗಾಗಿ ಹತ್ತುವುದಿಲ್ಲ ಎಂದಿರಲಿಲ್ಲ. ಮೇಸ್ತ್ರಿ ಮಾವ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ತೆವಳಿಕೊಂಡು ಹೋದೆ. ತಗಡಿನ ಬಿಸಿ ಬೆನ್ನು ಸುಲಿಯುತ್ತಿತ್ತು. ಸಾಹೇಬರ ಕಾಲುಚೀಲ ನುಣುಪು, ಹಿಡಿತಕ್ಕೆ ಸಿಗಲಿಲ್ಲ. ಕಿತ್ತೆಸೆದು, ಎರಡೂ ಕಣಕಾಲು ಹಿಡಿದು, ಎಳೀರಿ ಎಂದು ಕೂಗಿದೆ. ಇಬ್ಬರೂ ಒಟ್ಟಿಗೆ ಬಾಗಿಲಿಗೆ ಬಂದೆವು. ಅವರ ಗಲ್ಲವೂ ಉಜ್ಜಿಕೊಂಡು ಬಂತು.

ಅವರನ್ನು ನೆಲದ ಮೇಲೆ ಮಲಗಿಸಿದ್ದೇ, ಕೋಣೆಯಿಂದ ಎರಡೂ ಫ್ಯಾನು ಓಡಿ ಬಂದವು. ನೀರು ಬಂತು, ಒದ್ದೆ ಗೋಣಿ ಬಂತು. ಬತ್ತಿಗಿದ್ದ ಭಾಗ್ಯವೆಲ್ಲ ಅವರಿಗೂ ಬಂತು. ನನ್ನ ಕಡೆ ಒಂದು ಲೋಟ ಚಾಚಿದ್ದು ಅತ್ತಿಗೆ ಮಾತ್ರ.

ಗುಮಾಸ್ತ ಅಭ್ಯಾಸಬಲದಿಂದ ಪುಸ್ತಕ ತೆರೆದು, ಆ ಖಾಲಿ ಮನೆಯಲ್ಲಿ ಬರೆಯತೊಡಗಿದ: ‘ವಿಪರೀತ ಬಿ…’

ನಾನು ಪುಟದ ಮೇಲೆ ಒದ್ದೆ ಕೈ ಊರಿದೆ.

“ನಿದ್ದೆ ಅಂತ ಬರೀರಿ.”

“ಹುಚ್ಚಾ ನಿನಗೆ? ಸಾಹೇಬ್ರು ನಿದ್ದೆ ಮಾಡ್ತಾರಾ?”

“ಕಣ್ಣು ಮುಚ್ಚಿತ್ತಾ?”

ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿದ.

“ಮಲಗಿದ್ರಾ?”

“ನಂಗೆ ಗೊರಕೆನೂ ಕೇಳಿಸ್ತಪ್ಪ,” ಎಂದಳು ಅತ್ತಿಗೆ.

ಮೇಸ್ತ್ರಿ ಮಾವ ಕೋಲು ಕೆಳಗಿಟ್ಟು ನೆಲದ ಮೇಲೆ ಕೂತರು. ಅವರ ಪಕ್ಕ ಅತ್ತಿಗೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಲಾರಿ ಡ್ರೈವರು ಎಂಜಿನ್ ಆರಿಸಿದ. ಗುಮಾಸ್ತ ಮೆಲ್ಲಗಿಡಿ ಸಾಹೇಬರ ಮುಖ ನೋಡಿದ.

“ಎರಡೂ ಕಡೆ ಸಮತೋಲ ನೋಡ್ಬೇಕಾಗುತ್ತೆ…” ಎಂದು ಅವರು ಶುರು ಮಾಡಿದರು.

“ಎರಡೂ ಕಡೆ ಒಂದೇ ಬರೀರಿ ಸಾರ್. ಅದಕ್ಕಿಂತ ಸಮತೋಲ ಉಂಟಾ?”

ಗೋಣಿಯ ಕೆಳಗೆ ಇನ್ನೊಂದಿಡಿ ಸಾಹೇಬರು ಕಣ್ಣು ಬಿಟ್ಟಿದ್ದರು. ಮೂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಪುಸ್ತಕವನ್ನು ತಿಂಗಳಿಗೊಮ್ಮೆ ಮೇಲಿನ ಕಚೇರಿ ಓದುತ್ತದೆ. ನಿದ್ದೆ ಎಂಬ ಮಾತಿಗೆ ಆಳು ಸಾಹೇಬ ಎಂಬ ಭೇದವಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

“ಬಿಸಿ ಅಂತ ಬರಿ,” ಎಂದರು.

“ಯಾರಿಗೆ ಸಾರ್?” ಎಂದೆ.

ಅವರು ಛಾವಣಿ ನೋಡಿದರು. “ಇಬ್ಬರಿಗೂ.”

“ಹಿಂದೆ ಕೂತವರಿಗೆ ಕೇಳಿಸಿಲ್ಲ ಸಾರ್.”

“ಇಬ್ಬರಿಗೂ ಬಿಸಿ! ಇಬ್ಬರಿಗೂ! ಸಾಕಾ?”

ಗುಮಾಸ್ತ ಹಿಂದಿನ ಪುಟ ತಿರುವಿ, ನಿದ್ದೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದ. ಕಾರ್ಬನ್ ಪ್ರತಿ ಹರಿದು ಕೊಟ್ಟ. ಖಾನೆಯಿಂದ ಅಕ್ಕನ ಕಾರ್ಡು ತೆಗೆದು ಕೊಟ್ಟ. ನಾನು ಎರಡನ್ನೂ ಎದೆಗೆ ಸೇರಿಸಿಕೊಂಡೆ.

ಹದಿನಾಲ್ಕು ಪೆಟ್ಟಿಗೆ ನೆಲದ ಮೇಲೇ ಉಳಿದವು. ಅಷ್ಟರಲ್ಲಿ ಸಾಹೇಬರಿಗೆ ಪರದೆ ನೆನಪಾಯಿತು. ಅದು ಸಂದಿಯೊಳಗೆ, ಚಪ್ಪಲಿ ಪೆಟ್ಟಿಗೆಗಳ ಪಕ್ಕ ಬಿದ್ದಿತ್ತು. “ಯಾರಾದ್ರೂ ತಂದ್ಕೊಡಿ,” ಎಂದರು. ಯಾರೂ ಏಳಲಿಲ್ಲ. ಅವರೂ ಏಳಲಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ಬಾಗಿಲು ಹಾಕಿ ಮುದ್ರೆ ಒತ್ತಿದರು. ಪರದೆ ಕೆಂಪಗಿತ್ತೋ ಏನೋ, ಅದು ಹಡಗು ಹತ್ತಿ ಹೋಯಿತು. ಅದರ ಜೊತೆ, ಆ ಗೋಡೆಯ ಬರಹದ ಕೆಳಗಿನಿಂದಲೇ, ಒಂದಷ್ಟು ಗಾಳಿಯೂ ಹೋಯಿತು.

ನಾಳೆ ಬೇರೆ ಡಬ್ಬಿ ಬರುತ್ತದೆ. ನಮಗಿಂತ ಸಣ್ಣ ಹೆಂಗಸನ್ನು ಅವರು ಹುಡುಕುತ್ತಲೂ ಇರಬಹುದು. ಹಸಿವು ಎಲ್ಲೆಡೆ ಇದೆ, ಹುಡುಕಿದರೆ ಸಿಗುತ್ತಾಳೆ. ಅವಳಿಗೆ ಹೇಳಬೇಕಾದ್ದನ್ನು ನಾನು ಇಟ್ಟುಕೊಂಡಿದ್ದೇನೆ.

ಮನೆಗೆ ಹೋದಾಗ ಅಕ್ಕ ಗೋಡೆಗೊರಗಿ ಕೂತಿದ್ದಳು. ಕಾರ್ಡನ್ನು ತೊಡೆಯ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಕಾಗದ ತೆಗೆದುಕೊಂಡು ದೊಡ್ಡ ಮಗಳಿಗೆ ಕೊಟ್ಟಳು. ಅಕ್ಕನಿಗೆ ಓದಲು ಬರುವುದಿಲ್ಲ.

“ಏನ್ ಬರೆದಿದಾರೆ? ಓದೇ.”

“ಬಿಸಿ,” ಎಂದು ಓದಿದಳು ಹುಡುಗಿ.

“ಇನ್ನೊಂದ್ಸಲ ಓದು.”

“ಬಿಸಿ.”

“ನಿಮ್ಮಜ್ಜಿಗೂ ಕೇಳೋ ಹಾಗೆ ಓದು.”

ಹುಡುಗಿ ಎದ್ದು ನಿಂತು, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದಳು. ಅಕ್ಕ ತಲೆಯಾಡಿಸಿದಳು. ಆಮೇಲೆ ಮಗ್ಗುಲಾಗಿ, ಬಾಗಿಲ ಕಡೆ ಕಾಲು ಚಾಚಿ, ನಿದ್ದೆ ಹೋದಳು. ಸಂಜೆಯವರೆಗೂ ಮಲಗಿದಳು. ಯಾರೂ ಬರೆದುಕೊಳ್ಳಲಿಲ್ಲ.